ರುಕ್ಮಿಣಿಯಕ್ಕನ ಜೀಪು ಬಂದ ಹಿಂಗಾರು

ಹೋದ ತಿಂಗಳು ತುಮಕೂರಿನ ಟೈರ್ ಅಂಗಡಿಯೊಂದರಲ್ಲಿ ಸ್ಕೂಟರಿಗೆ ಪಂಕ್ಚರ್ ಹಾಕಿಸಿಕೊಳ್ಳಲು ಕಾಯುತ್ತಿದ್ದೆ. ಪಕ್ಕದಲ್ಲಿ ಹಳೆಯ ಜೀಪೊಂದಕ್ಕೆ ದಪ್ಪನೆಯ ಹೊಸ ಟೈರು ಕೂರಿಸಿದ್ದರು. ಅದರ ಯಜಮಾನ ಸ್ಟೀರಿಂಗ್ ಪೂರ್ತಿ ತಿರುಗಿಸಿ ಗಾಡಿಯನ್ನು ಹಿಂದಕ್ಕೆ ತೆಗೆದ. ಟೈರು ಮಡ್‌ಗಾರ್ಡಿನ ಅಂಚಿಗೆ ಉಜ್ಜಿ ಕರಕರ ಎಂದಿತು. ರಬ್ಬರು ಕಾದ ಸಣ್ಣ ವಾಸನೆ ಬಂತು. "ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ ಸಾರ್" ಎಂದ ಅಂಗಡಿಯವನು. ನಾನು ಎದ್ದು ಹೋಗಿ, ಸರಿಹೋಗುವುದಿಲ್ಲ, ಜನ ತುಂಬಿಸಿಕೊಂಡಾಗ ಇನ್ನೂ ಜಾಸ್ತಿಯಾಗುತ್ತದೆ, ಒಳಗಡೆ ಬ್ರೇಕಿನ ಹೋಸ್ ಎಲ್ಲಿದೆ ನೋಡಿಸಿಕೊಳ್ಳಿ ಎಂದೆ. ಜೀಪಿನ ಯಜಮಾನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮಗೆ ಇದೆಲ್ಲ ಹೇಗೆ ಗೊತ್ತು ಮೇಡಂ?" ಎಂದು ಕೇಳಿದ. ಒಂದು ವರ್ಷ ಕೊಯಮತ್ತೂರಿನಲ್ಲಿದ್ದೆ ಎಂದೆ. ಅದು ಉತ್ತರವಲ್ಲ ಎಂದು ಅವನಿಗೆ ಅನ್ನಿಸಿರಬೇಕು. ಆದರೆ ನನ್ನ ಮಟ್ಟಿಗೆ ಅದೇ ಉತ್ತರ.

ಡಿಪ್ಲೊಮಾ ಮುಗಿಸಿ ಎರಡು ಕಡೆ ಕೆಲಸ ಮಾಡಿದ ಮೇಲೆ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಗಣಪತಿ ಎಂಬ ಬಡಾವಣೆಯ ಒಂದು ಪಂಪ್ ಕಾರ್ಖಾನೆಗೆ ಒಂದು ವರ್ಷದ ಕರಾರಿನ ಮೇಲೆ ಹೋಗಿದ್ದೆ. ಅಳತೆ ವಿಭಾಗದ ಕೆಲಸ. ಎರಕ ಹೊಯ್ದು ಲೇತಿನ ತಿರುಗಣೆ ಹಿಡಿದು ಬಂದ ಭಾಗಗಳನ್ನು ಅಳೆದು, ಸರಿ ಇದ್ದದ್ದನ್ನು ಒಂದು ಕಡೆ, ತಪ್ಪಿದ್ದನ್ನು ಇನ್ನೊಂದು ಕಡೆ ಇಡುವುದು. ತಿರುಗುವ ಭಾಗಕ್ಕೂ ತಿರುಗದ ಭಾಗಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಕಡಿಮೆಯಾದರೆ ಉಜ್ಜುತ್ತದೆ, ಹೆಚ್ಚಾದರೆ ನೀರು ಎತ್ತುವುದಿಲ್ಲ. ದಿನವಿಡೀ ಆ ಸಂದನ್ನೇ ನೋಡುತ್ತಿದ್ದೆ.

ಮನೆ ಹುಡುಕಿಕೊಂಡು ಒಂದು ಭಾನುವಾರ ಬೀದಿ ಬೀದಿ ಅಲೆಯುತ್ತ, ಬಾರದ ತಮಿಳಿನಲ್ಲಿ ಒಂದು ಗೇಟಿನ ಮುಂದೆ ವಿಚಾರಿಸಿದಾಗ, ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ನಾನು ಫೋನಿನಲ್ಲಿ ಅಮ್ಮನ ಜೊತೆ ಕನ್ನಡದಲ್ಲಿ ಗೊಣಗಿದ್ದನ್ನು ಕೇಳಿಸಿಕೊಂಡು ತಿರುಗಿ ನೋಡಿದರು.

"ರೂಮು ಬೇಕಾ ಕಣ್ಣು? ಮ್ಯಾಲೆ ಒಂದು ಅದೆ. ಕೊಂಜ ಚಿಕ್ಕದು."

ಕನ್ನಡವೇ. ಆದರೆ ಮಾತಿನ ಏರಿಳಿತ ಪೂರ್ತಿ ತಮಿಳಿನದು, ಕಣ್ಣು ಎಂದು ಮುದ್ದಿಗೆ ಕರೆದದ್ದೂ ತಮಿಳಿನ ರೀತಿಯೇ. ನೀವು ಕರ್ನಾಟಕದ ಯಾವ ಕಡೆಯವರು ಎಂದು ಕೇಳಿದೆ.

"ಯಾವ ಕಡೆಯೂ ಇಲ್ಲ. ಇದೇ ಊರು. ನಮ್ಮ ತಾತನ ತಾತನೂ ಇಲ್ಲೇ ಮಗ್ಗ ಹಾಕಿದ್ದು" ಎಂದರು ಸರೋಜಾ ಅತ್ತೆ. ಅತ್ತೆ ಎಂದು ಕರೆಯಲು ಶುರುಮಾಡಿದ್ದು ಆಮೇಲೆ. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ತಮಿಳು. ಕನ್ನಡದ ಅಕ್ಷರ ಮಾತ್ರ ಆ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನು ತರಿಸುತ್ತಿದ್ದ ವಾರಪತ್ರಿಕೆಯನ್ನು ಅತ್ತೆ ಕೈಗೆತ್ತಿಕೊಂಡು ಚಿತ್ರ ನೋಡಿ, ಕೆಳಗೆ ಏನು ಬರೆದಿದೆ ಓದು ಎನ್ನುತ್ತಿದ್ದರು. ಓದಿದರೆ ಎಲ್ಲ ಅರ್ಥವಾಗುತ್ತಿತ್ತು.

ಅವರ ಗಂಡ ರಾಮಲಿಂಗಂ, ನನಗೆ ಮಾಮ. ಮನೆಗೆ ತಾಗಿದ ಜಾಗದಲ್ಲಿ ತಗಡಿನ ಮಾಡಿನ ಶೆಡ್ಡು ಹಾಕಿಕೊಂಡು ಗಾಡಿ ರಿಪೇರಿ ಮಾಡುತ್ತಿದ್ದರು. ಹದಿನೆಂಟನೆಯ ವಯಸ್ಸಿನಲ್ಲಿ ಮಗ್ಗ ಬಿಟ್ಟು ಸ್ಪ್ಯಾನರ್ ಹಿಡಿದವರು. ನಾಲ್ಕು ಚಕ್ರಕ್ಕೂ ಎಳೆತ ಇರುವ ಹಳೆಯ ಜೀಪುಗಳೆಂದರೆ ಸುತ್ತಲಿನವರು ಅವರ ಹತ್ತಿರವೇ ತರುತ್ತಿದ್ದರು. ಆಗ ಅವರಿಗೆ ಐವತ್ತೆಂಟು. ಮಾತು ಕಡಿಮೆ. ಇಂಜಿನ್ನಿನ ಮೇಲೆ ಅಂಗೈ ಇಟ್ಟು, ತಲೆ ಒಂದು ಪಕ್ಕಕ್ಕೆ ವಾಲಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಬೋಲ್ಟಿನ ಗಾತ್ರವನ್ನು ಬೆರಳಲ್ಲಿ ತಡವಿಯೇ ಹೇಳುತ್ತಿದ್ದರು. ಇಷ್ಟು ವರ್ಷದ ಅನುಭವ ಎಂದರೆ ಹೀಗಿರುತ್ತದೆ ಎಂದು ನಾನು ಅಂದುಕೊಂಡಿದ್ದೆ. ನನ್ನನ್ನು ಅವರು ಅಮ್ಮಿಣಿ ಎನ್ನುತ್ತಿದ್ದರು. ಆ ಸೀಮೆಯಲ್ಲಿ ಮನೆಯ ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಕರೆಯುವುದು ಹಾಗೆ.

ರುಕ್ಮಿಣಿಯಕ್ಕ ಬಂದದ್ದು ತಮಿಳರ ಐಪ್ಪಸಿ ತಿಂಗಳ, ಅಂದರೆ ಅಕ್ಟೋಬರ್ ಕೊನೆಯ, ಮಳೆ ಹಿಡಿದುಕೊಂಡ ಮೊದಲ ವಾರದಲ್ಲಿ. ಆ ಊರಿನ ಮಳೆ ನಮ್ಮ ಕಡೆಯ ಮಳೆಯ ಹಾಗಲ್ಲ. ಬೆಳಿಗ್ಗೆಯೆಲ್ಲ ಬಿಸಿಲಿರುತ್ತದೆ, ಮಧ್ಯಾಹ್ನ ಕಳೆದ ಮೇಲೆ ಪೂರ್ವದಿಂದ ಒಂದು ಮೋಡ ಬಂದು ಒಂದೇ ಸಲ ಸುರಿದುಬಿಡುತ್ತದೆ. ಹಾಗೆ ಸುರಿಯುತ್ತಿದ್ದ ಒಂದು ಶನಿವಾರ, ಬೂದು ಬಣ್ಣದ ಉದ್ದನೆಯ ಜೀಪು ಶೆಡ್ಡಿನ ಮುಂದೆ ಬಂದು ನಿಂತಿತು. ಓಡಿಸಿಕೊಂಡು ಬಂದವರು ಐವತ್ತರ ಆಸುಪಾಸಿನ ಹೆಂಗಸು. ಸೀರೆಯ ಮೇಲೆ ಗಂಡಸಿನ ತುಂಬುತೋಳಿನ ಅಂಗಿ ತೊಟ್ಟಿದ್ದರು. ಉಡುಮಲೈಪೇಟೆ ಹತ್ತಿರದ ಹಳ್ಳಿ, ಮಾತು ಕನ್ನಡ, ಬೇಸಾಯದ ಮನೆತನ. ಅವರ ಗಂಡ ಬದುಕಿದ್ದಾಗಲೂ ಆ ಜೀಪು ಮಾಮನ ಕೈಯಲ್ಲೇ ರಿಪೇರಿಯಾಗುತ್ತಿತ್ತಂತೆ. ಅಕ್ಕ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಿದ್ದರು. ಹುಳುಮನೆ ಹಳ್ಳದ ಆಚೆ, ಊರು ಈಚೆ. ಕೆಲಸಕ್ಕೆ ಬರುವ ಆರು ಹೆಂಗಸರನ್ನು ದಿನವೂ ಜೀಪಿನಲ್ಲಿ ಹಳ್ಳ ದಾಟಿಸಬೇಕು. ಮಳೆಗಾಲದಲ್ಲಿ ಹಳ್ಳದ ಗುಂಡುಕಲ್ಲುಗಳು ಜೀಪಿನ ಹೊಟ್ಟೆಗೆ ಬಡಿಯುತ್ತವೆ ಎಂದು ಅಕ್ಕನ ತಮ್ಮನ ಮಗ ದೊಡ್ಡ ಟೈರು ಹಾಕಿಸಿಕೊಟ್ಟಿದ್ದ. ಕಲ್ಲು ಬಡಿಯುವುದು ನಿಂತಿತು, ಬೇರೆ ತೊಂದರೆ ಶುರುವಾಯಿತು.

"ಎಡಕ್ಕೆ ಒಡಿಸಿದ್ರೆ ಉರಸುತ್ತೆ ಅಣ್ಣಾ" ಎಂದರು ಅಕ್ಕ. ಸ್ಟೀರಿಂಗ್ ತಿರುಗಿಸುವುದಕ್ಕೆ ಒಡಿಸುವುದು, ಉಜ್ಜುವುದಕ್ಕೆ ಉರಸುವುದು, ಗಾಡಿಗೆ ವಂಡಿ. "ಹಳ್ಳದೊಳಗೆ ಇಳಿಯೋ ತಾವ ಒಂದು ತಿರುವು ಅದೆ. ಅಲ್ಲಿ ವಂಡಿ ನಿಂತೇ ಹೋಗುತ್ತೆ, ಯಾರೋ ಹಿಡಕೊಂಡ ಹಂಗೆ."

ಮಾಮ ಜೀಪನ್ನು ಬೀದಿಯಲ್ಲಿ ಒಂದು ಸುತ್ತು ಓಡಿಸಿ ಬಂದರು. ಸದ್ದು ಬರಲಿಲ್ಲ. ಆಮೇಲೆ ಟೈರಿನ ಎರಡೂ ಹೆಗಲಿಗೆ ದಪ್ಪವಾಗಿ ಸೀಮೆಸುಣ್ಣ ಬಳಿದು, ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಎಲ್ಲಿ ಬಿಳಿ ಅಂಟಿದೆ ಎಂದು ತಡವಿ ನೋಡಿದರು. ಟೈರು ಉಜ್ಜುವ ಜಾಗ ಹುಡುಕುವ ಸುಲಭದ ಉಪಾಯ ಅದು. ಆದರೆ ಅಷ್ಟೊಂದು ಸುಣ್ಣ ಬೇಕಿರಲಿಲ್ಲ. ಅದು ನನಗೆ ಆಗ ಹೊಳೆಯಲಿಲ್ಲ.

ನಾಲ್ಕು ದಿನ ಕೆಲಸ ನಡೆಯಿತು. ಮುಂದಿನ ಪಟ್ಟಿ ಸ್ಪ್ರಿಂಗಿನ ತುದಿಯ ಕೊಂಡಿ ತೆಗೆದು ಸ್ವಲ್ಪ ಉದ್ದದ್ದು ಹಾಕಿದರು. ಜೀಪು ಮೇಲೆದ್ದಿತು. ಮೇಲೆದ್ದರೆ ಬ್ರೇಕಿನ ರಬ್ಬರ್ ಹೋಸ್ ಬಿಗಿಯಾಗುತ್ತದೆ ಎಂದು ಅದನ್ನೂ ಬದಲಾಯಿಸಿ ಉದ್ದದ್ದು ಕೂರಿಸಿದರು. ಚಕ್ರ ಎಷ್ಟು ತಿರುಗಬೇಕು ಎಂದು ತಡೆಯುವ ಒಂದು ಬೋಲ್ಟು ಇರುತ್ತದೆ. ಅದನ್ನು ನಾಲ್ಕು ಸುತ್ತು ಹೊರಗೆ ತಂದು, ಟೈರು ಸ್ಪ್ರಿಂಗಿಗೆ ತಗುಲುವ ಮೊದಲೇ ನಿಲ್ಲುವ ಹಾಗೆ ಮಾಡಿದರು. ಅಕ್ಕ ಬಂದು ಜೀಪು ತೆಗೆದುಕೊಂಡು ಹೋದರು.

ಹತ್ತು ದಿನಕ್ಕೆ ವಾಪಸು ಬಂತು.

"ಈಗ ಎರಡು ತೊಂದರೆ ಅಣ್ಣಾ" ಎಂದರು ಅಕ್ಕ, ದೂರುವ ದನಿಯಲ್ಲಲ್ಲ. "ಹಳ್ಳದ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗಲ್ಲ. ನೀರೊಳಗೆ ಹಿಂದೆ ಮುಂದೆ ಮೂರು ಸಲ ತೆಗೀಬೇಕು. ಹೆಂಗಸ್ರು ಹತ್ತಿದ್ರೆ ಉರಸೋದೂ ಹಂಗೇ ಅದೆ."

"ಹೆಂಗಸ್ರು ಹತ್ತಿದ್ರೆ ಮಾತ್ರವಾ?"

"ನಾ ಒಬ್ಬಳೇ ಇದ್ರೆ ಉರಸಲ್ಲ."

ಮಾಮ ಬೋಲ್ಟನ್ನು ಇನ್ನೂ ಎರಡು ಸುತ್ತು ಹೊರಗೆ ತರೋಣ ಎಂದರು. ಹಾಗಾದರೆ ತಿರುವಿನಲ್ಲಿ ಐದು ಸಲ ಹಿಂದೆ ಮುಂದೆ ತೆಗೆಯಬೇಕಾಗುತ್ತದೆ ಎಂದರು ಅಕ್ಕ. ನಾನು ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತ ಕೂತಿದ್ದವಳು ಇಳಿದು ಬಂದೆ.

"ಮಾಮ, ಗಾಡಿ ಖಾಲಿ ಇದ್ದಾಗ, ನೆಲ ಸಮ ಇದ್ದಾಗ ನೋಡಿದರೆ ಗೊತ್ತಾಗಲ್ಲ. ಆರು ಜನರ ಭಾರ ಹಾಕಿ, ಒಂದು ಚಕ್ರ ಕಲ್ಲಿನ ಮೇಲೆ ಹತ್ತಿಸಿ ನೋಡಬೇಕು. ಹಳ್ಳದಲ್ಲಿ ಹಾಗೇ ತಾನೇ ಇರುತ್ತೆ?"

"ಪಂಪಿಗೆ ಹಂಗೆ ಅಳೀತಾರಾ ಅಮ್ಮಿಣಿ?"

"ಪಂಪಿಗೂ ನೀರು ತುಂಬಿಸೇ ಅಳೆಯೋದು."

ಅವರು ನಕ್ಕರು. ಆದರೆ ಮರುದಿನ ಮರಳಿನ ಎಂಟು ಮೂಟೆ ತರಿಸಿ ಜೀಪಿನ ಹಿಂದೆ ಹೇರಿದರು, ಎಡ ಮುಂಚಕ್ರವನ್ನು ಒಂದು ಮೊಳ ಎತ್ತರದ ಕಲ್ಲಿನ ಮೇಲೆ ಹತ್ತಿಸಿದರು. ಜೀಪು ಮೈ ತಿರುಚಿಕೊಂಡು ನಿಂತಿತು. ಆಗ ಕಂಡಿತು. ಟೈರು ಒಳಗಡೆ ಸ್ಪ್ರಿಂಗಿನ ಪಟ್ಟಿಗೆ ಒತ್ತಿಕೊಂಡೇ ಇತ್ತು, ಕಾಗದ ತೂರಿಸಲೂ ಜಾಗವಿರಲಿಲ್ಲ. ಟೈರನ್ನೇ ಒಂದು ಅಂಗುಲ ಹೊರಕ್ಕೆ ತರಬೇಕು. ಹಾಗೆ ತಂದರೆ ತಡೆಯುವ ಬೋಲ್ಟನ್ನು ಮತ್ತೆ ಒಳಗೆ ಬಿಟ್ಟು ಪೂರ್ತಿ ತಿರುವು ವಾಪಸು ಕೊಡಬಹುದು. ಆಮೇಲೆ ಹೊರಗಿನ ಮಡ್‌ಗಾರ್ಡಿಗೆ ಎಲ್ಲಿ ತಗುಲುತ್ತದೋ ಅಷ್ಟು ಕತ್ತರಿಸಿದರಾಯಿತು.

ಚಕ್ರಕ್ಕೂ ಅಚ್ಚಿಗೂ ನಡುವೆ ಕೂರಿಸುವ ದಪ್ಪ ಉಕ್ಕಿನ ಬಿಲ್ಲೆಗೆ ಸ್ಪೇಸರ್ ಎನ್ನುತ್ತಾರೆ. ಅದನ್ನು ತಿರುಗಣೆ ಹಿಡಿಸಲು ಕುರಿಚಿಯ ಕೈಗಾರಿಕಾ ವಸಾಹತಿಗೆ ಹೋಗಬೇಕಿತ್ತು. ಅಳತೆ ಹೇಳಲು ನೀನೂ ಬಾ ಎಂದರು ಮಾಮ. ಟಿವಿಎಸ್ ಇದ್ದರೂ ಬಸ್ಸಿನಲ್ಲಿ ಹೋಗೋಣ ಎಂದರು. ನಿಲ್ದಾಣದಲ್ಲಿ ಎರಡು ಬಸ್ಸು ಬಂದು ಹೋದವು. ಎರಡರ ಹಣೆಯ ಮೇಲೂ ಊರಿನ ಹೆಸರು ದೊಡ್ಡದಾಗಿ ಇತ್ತು. ಮಾಮ ಕದಲಲಿಲ್ಲ. ಮೂರನೆಯದು ಬಂದಾಗ, ಪಕ್ಕದಲ್ಲಿದ್ದವರನ್ನು ತಮಿಳಿನಲ್ಲಿ ಕೇಳಿ ಹತ್ತಿದರು. ಕುರಿಚಿಯಲ್ಲಿ ರಸ್ತೆ ದಾಟುವಾಗ ನನ್ನ ಮೊಣಕೈ ಹಿಡಿದುಕೊಂಡರು. ನನ್ನನ್ನು ಜೋಪಾನವಾಗಿ ದಾಟಿಸುತ್ತಿದ್ದಾರೆ ಎಂದು ಅಂದುಕೊಂಡೆ. ಹಗಲಿಡೀ ಕೂದಲೆಳೆಯ ವ್ಯತ್ಯಾಸ ಹುಡುಕುವುದೇ ಕೆಲಸವಾಗಿದ್ದ ನನಗೆ ಕಣ್ಣೆದುರಿಗಿದ್ದದ್ದು ಕಾಣಲಿಲ್ಲ.

ಸ್ಪೇಸರ್ ಬಂತು, ಕೂರಿಸಿದರು. ಬೋಲ್ಟು ಒಳಗೆ ಬಿಟ್ಟರು. ಮಡ್‌ಗಾರ್ಡು ಕತ್ತರಿಸಿದರು. ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ರುಕ್ಮಿಣಿಯಕ್ಕ ಬಂದರು. ಗೂಡು ಬಿಡಿಸುವ ಕೆಲಸ ಮರುದಿನವೇ ಶುರು. ಜೀಪು ಅವತ್ತೇ ಬೇಕು. ಸರೋಜಾ ಅತ್ತೆ ಅವರಿಗೆ ಇಡ್ಲಿ ಕೊಟ್ಟು ಜಗಲಿಯಲ್ಲಿ ಕೂರಿಸಿದ್ದರು. ಮರಳುಮೂಟೆ ಹೇರಿ, ಕಲ್ಲಿನ ಮೇಲೆ ಹತ್ತಿಸಿದ ಜೀಪು ಶೆಡ್ಡಿನಲ್ಲಿತ್ತು. ಕೊನೆಯ ಸಲ ಸಂದು ಅಳೆದು ಹೇಳುತ್ತೇನೆ ಎಂದು ನಾನು ಗೋಣಿತಾಟು ಹಾಸಿಕೊಂಡು ಕೆಳಗೆ ತೂರಿದೆ.

ಸ್ಪ್ರಿಂಗಿನ ಹತ್ತಿರ ಒಂದೂವರೆ ಬೆರಳು ಜಾಗವಿತ್ತು. ಚೆನ್ನಾಗಿತ್ತು. ಹೊರಳಿ ಮೇಲೆ ನೋಡಿದೆ. ಉದ್ದದ ಬ್ರೇಕ್ ಹೋಸ್, ಭಾರಕ್ಕೆ ಜೀಪು ತಗ್ಗಿದಾಗ, ಬಿಲ್ಲಿನ ಹಾಗೆ ಬಾಗಿ ಟೈರಿನ ಕಡೆ ಬಂದಿತ್ತು. ಚಕ್ರ ಪೂರ್ತಿ ತಿರುಗಿದ್ದರಿಂದ ಟೈರಿನ ಒಳಮೈ ಅದಕ್ಕೆ ತಾಗಿತ್ತು. ತಾಗಿದ ಜಾಗ ಆಗಲೇ ನುಣ್ಣಗೆ ಹೊಳೆಯುತ್ತಿತ್ತು. ಮೇಲಿನ ರಬ್ಬರು ಸವೆದು ಒಳಗಿನ ನೂಲು ಕಾಣುತ್ತಿತ್ತು. ನಾಲ್ಕು ದಿನದಿಂದ ಮಾಮ ಶೆಡ್ಡಿನಲ್ಲಿ ಇದನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದ್ದರಲ್ಲಿಯೇ ಇಷ್ಟು ಸವೆದಿತ್ತು.

"ಮಾಮ, ಹೋಸ್ ನೋಡಿದಿರಾ?"

ಅವರು ಬ್ಯಾಟರಿ ಹಿಡಿದು ನನ್ನ ಪಕ್ಕಕ್ಕೆ ತೂರಿ ಬಂದರು. ಬೆಳಕು ಸರಿಯಾಗಿ ಅದೇ ಜಾಗದ ಮೇಲೆ ಬಿತ್ತು. ನೂಲು ಬೆಳ್ಳಗೆ ಕಂಡಿತು. ಅವರು ಅದನ್ನೇ ನೋಡುತ್ತ, "ನೋಡಿದೆ. ಏನೂ ಇಲ್ಲ, ದೂಳು" ಎಂದರು.

ನಾನು ಅವರ ಮುಖ ನೋಡಿದೆ. ಒಂದು ಅಡಿ ದೂರದಲ್ಲಿತ್ತು. ಎರಡೂ ಕಣ್ಣಿನ ಕಪ್ಪಿನ ನಡುವೆ, ಬ್ಯಾಟರಿಯ ಬೆಳಕಿನಲ್ಲಿ, ಹಾಲಿನ ಕೆನೆಯಂಥದ್ದು ಕಟ್ಟಿತ್ತು. ಬಸ್ಸಿನ ಹೆಸರು, ಸುಣ್ಣ, ಮೊಣಕೈ ಎಲ್ಲ ಒಟ್ಟಿಗೇ ತಲೆಗೆ ಬಂತು.

ಹೊರಗೆ ಅಕ್ಕ ಇಡ್ಲಿ ತಿಂದು ಕೈ ತೊಳೆಯುತ್ತಿದ್ದರು. ಹೊರಡಲು ಎದ್ದಿದ್ದರು. ಮಾಮನನ್ನು ಒಂದು ಪಕ್ಕಕ್ಕೆ ಕರೆದು ಹೇಳಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಹಾಗೆ ಹೊಳೆಯಲಿಲ್ಲ. ಕೆಳಗಿನಿಂದ ಎದ್ದು ಬಂದು ನೇರವಾಗಿ ಅಕ್ಕನಿಗೇ ಹೇಳಿದೆ. "ಅಕ್ಕ, ಈ ಗಾಡಿ ಹೀಗೆ ಹೋಗಬಾರದು. ಬ್ರೇಕ್ ಹೋಸ್ ಕತ್ತರಿಸ್ತಾ ಇದೆ."

ಮಾಮ ಎದ್ದು ನಿಂತರು. "ನಲವತ್ತು ವರ್ಷದಿಂದ ಮಾಡ್ತಾ ಇದೀನಿ ಅಮ್ಮಿಣಿ" ಎಂದರು. ದನಿ ಏರಿಸಲಿಲ್ಲ.

"ಕೈಯಿಂದ ನೋಡಿ ಮಾಮ" ಎಂದೆ.

ಅವರು ಮತ್ತೆ ಕೆಳಗೆ ತೂರಿದರು. ಅವರ ಕಾಲು ಮಾತ್ರ ನಮಗೆ ಕಾಣುತ್ತಿತ್ತು. ಬಲಗಾಲು ಅಲ್ಲಾಡುತ್ತಿದ್ದದ್ದು ನಿಂತುಹೋಯಿತು. ಬೆರಳಿಗೆ ನೂಲು ಸಿಕ್ಕಿರಬೇಕು. ಹೊರಗೆ ಬಂದು ಮರಳುಮೂಟೆಯೊಂದರ ಮೇಲೆ ಕೂತರು.

ರುಕ್ಮಿಣಿಯಕ್ಕ ಅವರ ಎದುರಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತರು. "ಅಣ್ಣಾ, ನಿಮಗೆ ಕಣ್ಣು ಕಾಣಿಸ್ತಾ ಇಲ್ವಾ?"

ಸರೋಜಾ ಅತ್ತೆ ತಟ್ಟೆ ತೆಗೆದುಕೊಂಡು ಒಳಗೆ ಹೋದರು.

ಅವತ್ತು ಮಧ್ಯಾಹ್ನದವರೆಗೆ ಕೆಲಸ ಮಾಡಿ ಹೊಸ ಹೋಸ್ ಹಾಕಿದರು. ಅದನ್ನು ಟೈರಿನಿಂದ ದೂರಕ್ಕೆ ಎಳೆದು ಹಿಡಿಯುವ ಒಂದು ಪಟ್ಟಿಯನ್ನೂ ಕೂರಿಸಿದರು. ಎಲ್ಲವೂ ಬೆರಳಿನಿಂದಲೇ. ಮುಗಿದ ಮೇಲೆ ನನ್ನ ಕಡೆ ತಿರುಗದೆ, "ನೋಡಿಬಿಡು" ಎಂದರು. ನೋಡಿದೆ. ಸರಿಯಾಗಿತ್ತು. ಜೀಪು ಹೋಯಿತು.

ಆಮೇಲೆ ಒಂಬತ್ತು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಶೆಡ್ಡಿನ ಬಾಗಿಲು ಅರ್ಧ ಹಾಕಿಕೊಂಡಿರುತ್ತಿತ್ತು. ಬಂದ ಗಾಡಿಗಳನ್ನು ಏನೋ ನೆಪ ಹೇಳಿ ವಾಪಸು ಕಳಿಸುತ್ತಿದ್ದರು. ನಾನು ಬೇರೆ ರೂಮು ನೋಡಿಕೊಳ್ಳುತ್ತೇನೆ ಎಂದು ಅತ್ತೆಗೆ ಹೇಳಿದಾಗ ಅವರು ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಎರಡು ವರ್ಷ ಆಯ್ತು. ನನಗೆ ಗೊತ್ತು. ಲೋಟದೊಳಗೆ ನೀರು ಹುಯ್ಯೋವಾಗ ಬೆರಳು ಅದ್ದಿಕೊಂಡು ಹುಯ್ತಾರೆ. ನಾ ಕೇಳಿದ್ರೆ ಅನ್ನ ಬಿಡ್ತಾರೆ" ಎಂದರು. "ಅವರಪ್ಪನಿಗೂ ಹಿಂಗೇ ಬಂದಿತ್ತು. ಆವಾಗ ಎಲ್ಲೋ ಕರಕೊಂಡು ಹೋಗಿ ಕಣ್ಣು ಕುಯ್ಸಿದ್ರು. ಇದ್ದದ್ದೂ ಹೋಯ್ತು. ಹದಿನಾರು ವರ್ಷ ಮಗ್ಗದ ಮುಂದೆ ಸುಮ್ನೆ ಕೂತಿದ್ರು, ಮಗ ಅದನ್ನ ನೋಡ್ಕೊಂಡೇ ಬೆಳೆದದ್ದು."

"ಈಗ ಹಾಗಿಲ್ಲ ಅತ್ತೆ. ಪೊರೆ ತೆಗೆಯೋದು ಹತ್ತು ನಿಮಿಷದ ಕೆಲಸ."

"ಅವರಿಗೆ ಹೇಳು."

"ನನ್ನ ಹತ್ತಿರ ಮಾತಾಡಲ್ಲವಲ್ಲ."

"ಮಾತಾಡ್ತಾರೆ. ಎಲ್ಲಿಗೆ ಹೋಗ್ತಾರೆ?"

ಹತ್ತನೆಯ ದಿನ ಸಂಜೆ ನಾನು ಕೆಲಸದಿಂದ ಬರುವಾಗ ಮಾಮ ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಮಳೆ ನಿಂತು ಬೀದಿಯೆಲ್ಲ ಕೆಸರಾಗಿತ್ತು.

"ಆ ವಂಡಿ ಹಂಗೇ ಹೋಗಿದ್ರೆ ಎಷ್ಟು ದಿನಕ್ಕೆ ಹೋಸ್ ಹರೀತಿತ್ತು ಅಮ್ಮಿಣಿ?"

ಸುಳ್ಳು ಹೇಳಬೇಕೆನ್ನಿಸಲಿಲ್ಲ. "ಒಂದು ವಾರ. ಹಳ್ಳಕ್ಕೆ ದಿನಾ ಇಳಿದರೆ ಇನ್ನೂ ಬೇಗ."

"ಇಳಿಯೋವಾಗಲೇ ಹರೀತಿತ್ತು. ಅಲ್ಲಿ ತಾನೇ ಎಡಕ್ಕೆ ಒಡಿಸೋದು" ಎಂದರು. ಕೈಯಲ್ಲಿದ್ದ ಎಣ್ಣೆಬಟ್ಟೆಯನ್ನು ಮಡಚಿದರು, ಬಿಚ್ಚಿದರು. "ಬುಧವಾರ ರಜ ಸಿಗುತ್ತಾ ನಿನಗೆ? ಆಸ್ಪತ್ರೇಲಿ ಫಾರಂ ತುಂಬಿಸ್ತಾರಂತೆ. ಸರೋಜಾಗೆ ಕೈ ನಡುಗುತ್ತೆ."

ರಜ ಸಿಕ್ಕಿತು. ಬಲಗಣ್ಣು ಮೊದಲು, ಮೂರು ವಾರ ಬಿಟ್ಟು ಎಡಗಣ್ಣು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಅವರು ನನ್ನ ಕೈಯನ್ನೂ ಅತ್ತೆಯ ಕೈಯನ್ನೂ ಹಿಡಿಯಲಿಲ್ಲ, ಬೆಂಚಿನ ಕಬ್ಬಿಣದ ಕಂಬಿ ಹಿಡಿದುಕೊಂಡಿದ್ದರು. ಒಳಗೆ ಹೋಗಿ ಬಂದದ್ದು ನನ್ನ ಒಂದು ಕಾಫಿ ಮುಗಿಯುವಷ್ಟರಲ್ಲಿ.

ಪಟ್ಟಿ ಬಿಚ್ಚಿಸಿಕೊಂಡು ಮೊದಲ ಸಲ ಮನೆಗೆ ಬಂದ ದಿನ ನನಗೆ ಸ್ಪಷ್ಟವಾಗಿ ನೆನಪಿದೆ. ಆಟೋದಿಂದ ಇಳಿದವರು ಮನೆಯೊಳಗೆ ಹೋಗಲಿಲ್ಲ. ಗೇಟಿನ ಮುಂದೆ ನಿಂತರು. ಆ ಗೇಟಿನ ಕೆಳಗಿನ ಅಡ್ಡಕಂಬಿ ಮುರಿದು ಹಿಂದಿನ ವರ್ಷ ಅವರೇ ವೆಲ್ಡ್ ಮಾಡಿದ್ದರು. ಕಪ್ಪು ಕನ್ನಡಕ ತೆಗೆದು ಬಗ್ಗಿ ಅದನ್ನೇ ನೋಡಿದರು. ವೆಲ್ಡಿಂಗು ಕಂಬಿಯ ಪಕ್ಕಕ್ಕೆ ಸರಿದು, ಉಂಡೆ ಉಂಡೆಯಾಗಿ, ಅರ್ಧ ಮಾತ್ರ ಹಿಡಿದುಕೊಂಡಿತ್ತು. ಅಲ್ಲಿಂದ ಶೆಡ್ಡಿಗೆ ಹೋದರು. ತಾವೇ ಮಾಡಿದ್ದ ಒಂದು ಮೇಜಿನ ಕಾಲು ನೋಡಿದರು, ಒಂದು ಸ್ಟ್ಯಾಂಡು ನೋಡಿದರು. ಹಿಂದಕ್ಕೆ ಬಂದು ಅತ್ತೆಯನ್ನು ಕೇಳಿದರು.

"ಯಾರೂ ಹೇಳಲೇ ಇಲ್ವಲ್ಲ. ಇಷ್ಟು ಜನ ಬಂದು ಹೋದ್ರು."

"ನಿಮಗೆ ಯಾರು ಹೇಳ್ತಾರೆ?" ಎಂದರು ಅತ್ತೆ.

ಆ ರಾತ್ರಿ ಅವರು ಊಟ ಮಾಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಬೆಳಿಗ್ಗೆ ನಾನು ಇಳಿದು ಬರುವಾಗ ಜಗಲಿಯಲ್ಲಿ ಫೋನು ಹಿಡಿದು ಕೂತಿದ್ದರು. ಎರಡು ವರ್ಷದಲ್ಲಿ ಯಾರ ಯಾರ ಗಾಡಿಗೆ ಏನು ಮಾಡಿದ್ದೆ ಎಂದು ನೆನಪು ಮಾಡಿಕೊಂಡು ಒಬ್ಬೊಬ್ಬರಿಗೇ ಫೋನು ಮಾಡುತ್ತಿದ್ದರು. ತಮಿಳಿನಲ್ಲಿ ಒಂದೇ ಮಾತು. ವಂಡಿಯನ್ನು ಒಂದು ಸಲ ತನ್ನಿ, ನಾನು ಮಾಡಿದ್ದನ್ನು ನಾನೇ ನೋಡಬೇಕು, ತಪ್ಪಿದ್ದರೆ ಬಿಚ್ಚಿ ಮತ್ತೆ ಮಾಡಿಕೊಡುತ್ತೇನೆ. ಏಕೆ ಎಂದು ಕೇಳಿದವರಿಗೆ, "ಆವಾಗ ನನಗೆ ಕಣ್ಣು ಕಾಣ್ತಿರಲಿಲ್ಲ" ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಹಾಗೆ ಹೇಳಿದರೆ ನಾಳೆಯಿಂದ ಯಾರು ಬರುತ್ತಾರೆ ಎಂದು ಅತ್ತೆ ಒಳಗಿನಿಂದಲೇ ಗೊಣಗಿದರು. ಅವರು ಫೋನು ಕೆಳಗಿಡಲಿಲ್ಲ.

ಡಾಕ್ಟರು ಕೆಲವು ವಾರ ಬಗ್ಗಬಾರದು, ದೂಳಿಗೆ ಹೋಗಬಾರದು, ವೆಲ್ಡಿಂಗಿನ ಹತ್ತಿರ ಸುಳಿಯಬಾರದು ಎಂದಿದ್ದರು. ಆದ್ದರಿಂದ ಬಂದ ಗಾಡಿಗಳ ಕೆಳಗೆ ತೂರುತ್ತಿದ್ದವಳು ನಾನು. ಫೋನಿನಲ್ಲಿ ಫೋಟೋ ತೆಗೆದು ತಂದು ತೋರಿಸುತ್ತಿದ್ದೆ. ಅವರು ಅದನ್ನು ಬೆರಳಿನಿಂದ ಹಿಗ್ಗಿಸಿ ನೋಡಿ, "ಇದು ಇರಲಿ" ಅಥವಾ "ಇದು ಬೇಡ" ಎನ್ನುತ್ತಿದ್ದರು. ಬಹಳಷ್ಟು ಸರಿಯಾಗಿಯೇ ಇದ್ದವು, ಅದು ನಿಜ. ಬೆರಳಿನಿಂದ ಮಾಡಬಹುದಾದದ್ದೆಲ್ಲ ಚೆನ್ನಾಗಿತ್ತು. ಕಣ್ಣು ಬೇಕಾದ ಜಾಗ ಮಾತ್ರ ಕೆಟ್ಟಿತ್ತು. ಕೆಲವರು ಬರಲಿಲ್ಲ. ಓಡುತ್ತಿದೆಯಲ್ಲ, ಬಿಡಿ ಎಂದರು. ಒಬ್ಬರು ಮಾತ್ರ ಶೆಡ್ಡಿನ ಮುಂದೆ ನಿಂತು ಅರ್ಧ ಗಂಟೆ ಬೈದರು. ಮಾಮ ಕೈಕಟ್ಟಿಕೊಂಡು ಪೂರ್ತಿ ಕೇಳಿಸಿಕೊಂಡು, "ನೀವು ಹೇಳೋದು ಸರೀಂಗ" ಎಂದು ಆ ಸೀಮೆಯ ಮರ್ಯಾದೆಯ ಮಾತಿನಲ್ಲೇ ಒಪ್ಪಿಕೊಂಡರು.

ಪೊಂಗಲ್ ಕಳೆದ ಮೇಲೆ ಅವರೇ ಕೆಳಗೆ ತೂರಲು ಶುರುಮಾಡಿದರು. ಮೊದಲು ಹೋದದ್ದು ರುಕ್ಮಿಣಿಯಕ್ಕನ ಊರಿಗೆ. ಕೊಯಮತ್ತೂರಿಗೆ ಜೀಪು ತಂದರೆ ಒಂದು ದಿನದ ಕೆಲಸ ಹಾಳು ಎಂದು ಅಕ್ಕ ಹೇಳಿದ್ದಕ್ಕೆ, ಮಾಮ ಒಂದು ಚೀಲ ಸಾಮಾನು ಹಿಡಿದು, ನನ್ನನ್ನೂ ಕರೆದುಕೊಂಡು ಉಡುಮಲೈಪೇಟೆಯ ಬಸ್ಸು ಹತ್ತಿದರು. ಕಿಟಕಿ ಪಕ್ಕ ಕೂತು, ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡನ್ನೆಲ್ಲ ಸಣ್ಣ ದನಿಯಲ್ಲಿ ಓದಿಕೊಳ್ಳುತ್ತಿದ್ದರು.

ಜೀಪಿನ ಸ್ಪೇಸರ್, ಹೋಸ್, ಪಟ್ಟಿ ಎಲ್ಲ ಸರಿಯಾಗಿದ್ದವು. ಎಡಗಡೆಯ ಮಡ್‌ಗಾರ್ಡಿನ ಅಂಚು ಮಾತ್ರ ಇಲಿ ಕಡಿದ ಹಾಗಿತ್ತು. ಶೆಡ್ಡಿನಲ್ಲಿ ನಾನೂ ಅದನ್ನು ನೋಡಿದ್ದೆ, ಉಜ್ಜುವುದಿಲ್ಲ ಎಂದು ಸುಮ್ಮನಿದ್ದೆ.

"ಇರಲಿ ಬಿಡಣ್ಣಾ, ಅದರಿಂದ ಏನು? ಓಡುತ್ತೆ" ಎಂದರು ಅಕ್ಕ.

"ನಿಮಗೆ ಓಡುತ್ತೆ. ನನಗೆ ಕಾಣುತ್ತೆ" ಎಂದು ಮಾಮ ಅರ ತೆಗೆದುಕೊಂಡು ಅಂಗಳದಲ್ಲೇ ಕೂತರು. ಎರಡು ಗಂಟೆ ಹೊತ್ತು ಉಜ್ಜಿ ಅಂಚನ್ನು ಒಂದೇ ಗೆರೆಗೆ ತಂದು, ಮಡಚಿ, ಬಣ್ಣ ಹಚ್ಚಿದರು. ಮಧ್ಯಾಹ್ನ ಆರು ಹೆಂಗಸರು ಹತ್ತಿದರು. ನಾವು ಮೊದಲೇ ನಡೆದು ಹೋಗಿ ಹಳ್ಳದ ತಿರುವಿನಲ್ಲಿ ನಿಂತೆವು. ನೀರು ಮೊಣಕಾಲಿಗಿಂತ ಕಡಿಮೆ ಇತ್ತು. ಮಾಮ ಪಂಚೆ ಎತ್ತಿ ಕಟ್ಟಿಕೊಂಡು ನೀರಿಗೇ ಇಳಿದು ನಿಂತರು. ಅಕ್ಕ ಜೀಪನ್ನು ಇಳಿಜಾರಿಗೆ ಬಿಟ್ಟು ಪೂರ್ತಿ ಎಡಕ್ಕೆ ತಿರುಗಿಸಿದರು. ಎಡಚಕ್ರ ಗುಂಡುಕಲ್ಲು ಹತ್ತಿತು, ಜೀಪು ಮೈ ತಿರುಚಿತು, ಹೆಂಗಸರು ಕಂಬಿ ಹಿಡಿದುಕೊಂಡರು. ಒಂದು ಸದ್ದೂ ಇಲ್ಲದೆ, ಒಂದೇ ತಿರುವಿಗೆ, ನೀರು ದಾಟಿ ಆಚೆ ದಡ ಹತ್ತಿತು. ಮಾಮ ಅಷ್ಟು ಹೊತ್ತೂ ಬಗ್ಗಿ ಚಕ್ರದ ಒಳಗನ್ನೇ ನೋಡುತ್ತಿದ್ದರು. ಆಚೆಯಿಂದ ಅಕ್ಕ ಕೈ ಎತ್ತಿದರು. ಅವರೂ ಕೈ ಎತ್ತಿದರು.

ನನ್ನ ಕರಾರು ಜೂನಿಗೆ ಮುಗಿಯಿತು. ಅಷ್ಟರಲ್ಲಿ ಫೋನಿಗೆ ಸಿಕ್ಕಿದವರ ಗಾಡಿಗಳನ್ನೆಲ್ಲ ಅವರು ನೋಡಿ ಮುಗಿಸಿದ್ದರು, ಒಂದನ್ನು ಬಿಟ್ಟು. ಅದೊಂದು ಹಸಿರು ಜೀಪು. ಅದಕ್ಕೂ ದೊಡ್ಡ ಟೈರಿಗಾಗಿ ಮುಂಭಾಗ ಎತ್ತರಿಸಿ, ಸ್ಪ್ರಿಂಗ್ ಹಿಡಿಯುವ ಕೊಕ್ಕೆಯನ್ನು ಜೀಪಿನ ಅಡಿಯ ಉಕ್ಕಿನ ಚೌಕಟ್ಟಿಗೆ ಮಾಮನೇ ವೆಲ್ಡ್ ಮಾಡಿದ್ದರು. ಅದರ ಯಜಮಾನ ಅದನ್ನು ಸಂತೆಯಲ್ಲಿ ಯಾರಿಗೋ ಮಾರಿದ್ದ. ಕೊಂಡವನ ಹೆಸರು ಅವನಿಗೆ ಗೊತ್ತಿರಲಿಲ್ಲ. ಪಲ್ಲಡದ ಕಡೆಯವನಿರಬೇಕು ಎಂದಷ್ಟೇ ಹೇಳಿದ.

ಈಗ ನಾನು ತುಮಕೂರಿಗೆ ಬಂದು ಮೂರು ವರ್ಷ. ಹಬ್ಬಕ್ಕೊಮ್ಮೆ ಫೋನು ಮಾಡುತ್ತೇನೆ. ಹೋದ ದೀಪಾವಳಿಗೆ ಮಾಡಿದಾಗ ಅತ್ತೆ ಎತ್ತಿಕೊಂಡರು. ಮಾಮ ಮನೆಯಲ್ಲಿರಲಿಲ್ಲ. ಪಲ್ಲಡದಾಚೆ ಒಂದು ಕೋಳಿ ಫಾರಮ್ಮಿನಲ್ಲಿ ಹಳೇ ಜೀಪು ಇದೆ ಎಂದು ಯಾರೋ ಹೇಳಿದರಂತೆ, ಹಬ್ಬದ ದಿನವೂ ಬಿಡದೆ ನೋಡಲು ಹೋಗಿದ್ದರು. ಸಂಜೆ ಅವರೇ ಫೋನು ಮಾಡಿದರು.

"ಸಿಕ್ಕಿತಾ ಮಾಮ?"

"ಇಲ್ಲ ಅಮ್ಮಿಣಿ. ಅದು ಬೇರೆ ವಂಡಿ."

"ಬಣ್ಣ ಬದಲಾಯಿಸಿರಬಹುದು. ಹೇಗೆ ಗುರುತು ಹಿಡೀತೀರಿ?"

"ಬಣ್ಣ ಎಷ್ಟು ಸಲ ಹೊಡೆದ್ರೂ ಕೆಳಗೆ ನನ್ನ ವೆಲ್ಡಿಂಗು ಅದೆಯಲ್ಲ" ಎಂದರು. "ಅಷ್ಟು ಕೆಟ್ಟದಾಗಿ ಈ ಸೀಮೇಲಿ ಬೇರೆ ಯಾರೂ ಮಾಡಿಲ್ಲ. ನೋಡಿದ ತಕ್ಷಣ ಗೊತ್ತಾಗುತ್ತೆ."

ಆ ವಾರ ಧಾರಾಪುರದ ಕಡೆ ಹೋಗಿ ನೋಡುತ್ತೇನೆ ಎಂದರು.